ಮಿಲಿಟ್ರಿ ಅಜ್ಜನ ನಂಬರು ಹುಡುಕಿಕೊಂಡು ಬೆಳ್ಮಣ್ಣಿಗೆ

ನನ್ನ ತಾಯಿಯ ಸೋದರಮಾವಂದಿರಿಬ್ಬರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ್ದರು. ಹಿರಿಯವರು 1946ರಲ್ಲಿ ಊರಿಗೆ ಮರಳಿ, ಬೇಸಾಯ ನೋಡಿಕೊಂಡು, ಎಲ್ಲರ ಬಾಯಲ್ಲಿ ‘ಮಿಲಿಟ್ರಿ ಅಜ್ಜ’ ಎನಿಸಿಕೊಂಡು ತೀರಿಕೊಂಡರು. ಕಿರಿಯವರು ಮರಳಲೇ ಇಲ್ಲ. ಅವರ ವಿಷಯದಲ್ಲಿ ಮನೆಯಲ್ಲಿ ಉಳಿದದ್ದು ‘ಸಿಂಗಾಪುರದಲ್ಲಿ ಹೋದ’ ಎಂಬ ಒಂದು ಮಾತು ಮಾತ್ರ. ಬೆಂಗಳೂರಿನಲ್ಲಿ ಕುಳಿತು ಎರಡು ವರ್ಷ ಅಲ್ಲಿಗೆ ಇಲ್ಲಿಗೆ ಪತ್ರ ಬರೆದು ಸೋತ ಮೇಲೆ, ಕಳೆದ ಫೆಬ್ರವರಿಯಲ್ಲಿ ಒಮ್ಮೆ, ಸೈನ್ಯದ ಉತ್ತರ ಬಂದ ಮೇಲೆ ಮತ್ತೊಮ್ಮೆ ರಜೆ ಹಾಕಿ ಉಡುಪಿ ಮತ್ತು ಮಂಗಳೂರಿಗೆ ಹೋಗಿಬಂದೆ. ಕರಾವಳಿಯ ಬೇರಿನವರು ಇದೇ ಕೆಲಸಕ್ಕೆ ಹೊರಡುವುದಾದರೆ ಕಚೇರಿಗಳಿಂದ ಆರಂಭಿಸಬೇಡಿ, ಕುಟುಂಬದ ಮನೆಯಿಂದ ಆರಂಭಿಸಿ. ನಾನು ಕಳೆದುಕೊಂಡ ಎರಡು ವರ್ಷಗಳು ಈ ಕ್ರಮ ತಿಳಿಯದೆ ಹೋದದ್ದರ ಫಲ.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಿನ ಜಾವಕ್ಕೆ ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಇಳಿಸುತ್ತದೆ. ನಮ್ಮ ತಾಯಿಯ ಕುಟುಂಬದ ಮನೆ ಬೆಳ್ಮಣ್ಣಿನ ಸಮೀಪವಿರುವುದರಿಂದ ಸರ್ವೀಸ್ ಬಸ್ ನಿಲ್ದಾಣದಿಂದ ಪಡುಬಿದ್ರಿಗೆ ಬಂದು, ಅಲ್ಲಿ ಕಾರ್ಕಳದ ಬಸ್ಸು ಹಿಡಿದೆ. ಕಟಪಾಡಿ, ಶಿರ್ವದ ದಾರಿಯಾಗಿಯೂ ಹೋಗಬಹುದು. ದಿನವನ್ನು ಮಾತ್ರ ಲೆಕ್ಕ ಹಾಕಿ ಆರಿಸಿಕೊಳ್ಳಬೇಕು. ಕುಟುಂಬದ ಮನೆಯಲ್ಲಿ ತಂಬಿಲವೋ (ನಾಗ, ದೈವಗಳಿಗೆ ಮಾಡುವ ಪೂಜೆ) ಕೋಲವೋ ಇರುವ ದಿನ ಮುಂಬಯಿಯಿಂದ ಹಿಡಿದು ಎಲ್ಲ ಕವರುಗಳವರೂ, ಅಂದರೆ ಕುಟುಂಬದ ಎಲ್ಲ ಕವಲುಗಳವರೂ, ಬಂದು ಸೇರುತ್ತಾರೆ. ಬೇರೆ ದಿನಗಳಲ್ಲಿ ಬೀಗ ಹಾಕಿದ ಚಾವಡಿಯನ್ನು ನೋಡಿಕೊಂಡು ಬರಬೇಕಾಗುತ್ತದೆ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯೊಳಗೆ ಹೋಗಿಬರುವುದು ಮೇಲು. ಮಳೆ ಹಿಡಿದ ಮೇಲೆ ಹಳೆಯ ಕಾಗದಗಳನ್ನು ಪೆಟ್ಟಿಗೆಯಿಂದ ಹೊರತೆಗೆಯಲು ಹಿರಿಯರು ಒಪ್ಪುವುದಿಲ್ಲ, ಒಪ್ಪದಿರುವುದು ಸರಿಯೂ ಹೌದು.

ತಂಬಿಲ ಮುಗಿದು ಊಟವಾದ ಮೇಲೆ ನಾನು ವಿಷಯ ತೆಗೆದೆ. “ತಮ್ಮಲೆಯ (ಸೋದರಮಾವನ) ಸಾಮಾನು ಏನೋ ಇರಬೇಕು” ಎನ್ನುತ್ತಾ ದೊಡ್ಡಮ್ಮ ಕಪಾಟಿನ ಮೇಲಿನಿಂದ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ಇಳಿಸಿದರು. ಅದರೊಳಗೆ ಹಿತ್ತಾಳೆಯಂತೆ ಕಾಣುವ ಎರಡು ನಕ್ಷತ್ರಗಳೂ ಬಿಳಿ ಲೋಹದ ಎರಡು ದುಂಡು ಪದಕಗಳೂ ಇದ್ದವು. ನಕ್ಷತ್ರಗಳಲ್ಲೊಂದು ಬರ್ಮಾ ಸ್ಟಾರ್. ನಡುವೆ ಅಗಲವಾದ ಕೆಂಪು ಪಟ್ಟಿ, ಎರಡೂ ಕಡೆ ನೀಲಿಯೊಳಗೆ ಕಿತ್ತಳೆ ಗೆರೆ ಇರುವ ಅದರ ರಿಬ್ಬನ್ನಿನ ಚೂರು ಇನ್ನೂ ಅಂಟಿಕೊಂಡಿತ್ತು. ಆ ಯುದ್ಧದ ಪದಕಗಳನ್ನು ಬ್ರಿಟನ್ನಿನಲ್ಲಿ ಹೆಸರಿಲ್ಲದೆ ಕೊಟ್ಟರು. ಆದರೆ ಭಾರತದಲ್ಲಿ ಕೊಟ್ಟವುಗಳ ಮೇಲೆ ಸೈನಿಕನ ನಂಬರು, ಹೆಸರು ಮತ್ತು ದಳವನ್ನು ಒತ್ತಿಸಲಾಗಿದೆ. ದುಂಡು ಪದಕವಾದರೆ ಅಂಚಿನ ಮೇಲೆ, ನಕ್ಷತ್ರವಾದರೆ ಹಿಂಬದಿಯಲ್ಲಿ ನೋಡಬೇಕು. ನಮ್ಮ ಮನೆಯ ನಕ್ಷತ್ರಗಳ ಹಿಂಬದಿಯನ್ನು ಯಾರೋ ದೀಪದ ಕಂಬದ ಜೊತೆಗೆ ಹುಣಸೆಹುಳಿ ಹಾಕಿ ತಿಕ್ಕಿ ಹೊಳಪು ಮಾಡಿದ್ದರಿಂದ ಅಲ್ಲಿ ಒಂದಕ್ಷರವೂ ತಿಳಿಯುವಂತಿರಲಿಲ್ಲ. ದುಂಡು ಪದಕದ ಅಂಚಿಗೆ, ನಾಗನಿಗೆ ತಂದು ಮಿಕ್ಕಿದ್ದ ಅರಸಿನದ ಪುಡಿಯನ್ನು ಬೆರಳಿನಿಂದ ಸವರಿ ಒರೆಸಿದಾಗ ಅಕ್ಷರಗಳ ಗುಳಿಯಲ್ಲಿ ಹಳದಿ ನಿಂತುಕೊಂಡಿತು; ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು, ಪದಕವನ್ನು ತಿರುಗಿಸುತ್ತಾ ಏಳು ಫೋಟೊ ತೆಗೆದು ಜೋಡಿಸಿದ ಮೇಲೆ ಪೂರ್ತಿ ನಂಬರೂ ‘ಆರ್.ಐ.ಎ.ಎಸ್.ಸಿ.’ ಎಂಬ ದಳದ ಹೆಸರೂ ದೊರೆತವು. ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್. ಅಜ್ಜ ಲಾರಿ ಓಡಿಸುತ್ತಿದ್ದರೆಂಬ ಮಾತಿಗೆ ಅದು ಸರಿಹೊಂದುತ್ತಿತ್ತು. ನಂಬರಿನ ಮುಂದೆ ಅಕ್ಷರಗಳಿದ್ದರೆ ಅವನ್ನೂ ಬಿಡದೆ ಬರೆದುಕೊಳ್ಳಿ. ಪದಕಗಳು ಸಿಗದಿದ್ದರೆ ಟ್ರಂಕು ಪೆಟ್ಟಿಗೆಯ ಮುಚ್ಚಳವನ್ನು ನೋಡಿ. ಬಿಳಿ ಬಣ್ಣದಲ್ಲಿ ನಂಬರು ಬರೆಸಿಕೊಂಡವರು ಬಹಳ ಮಂದಿ.

ಈ ನಂಬರು ಇಲ್ಲದಿದ್ದರೆ ಸೈನ್ಯದ ದಾಖಲೆ ಕಚೇರಿಗಳಿಗೆ ಬರೆಯುವುದು ವ್ಯರ್ಥ. ಸಾಮಾನ್ಯ ಸೈನಿಕರ ದಾಖಲೆಗಳು ಒಂದೇ ಕಡೆ ಇಲ್ಲ, ಆಯಾ ದಳದ ರೆಕಾರ್ಡ್ಸ್ ಕಚೇರಿಯಲ್ಲಿರುತ್ತವೆ: ಮದ್ರಾಸ್ ರೆಜಿಮೆಂಟಿನವು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ, ಮದ್ರಾಸ್ ಸ್ಯಾಪರ್ಸ್ ದಳದವು ಬೆಂಗಳೂರಿನಲ್ಲಿ, ಸಿಗ್ನಲ್ಸ್ ದಳದವು ಜಬಲ್ಪುರದಲ್ಲಿ, ಫಿರಂಗಿ ದಳದವು ನಾಸಿಕ್ ರೋಡಿನಲ್ಲಿ. ಆರ್ಮಿ ಸರ್ವೀಸ್ ಕೋರಿನ ಲಾರಿ ಚಾಲಕರ ದಾಖಲೆ ಬೆಂಗಳೂರಿನಲ್ಲಿಯೇ ಇರುವುದು ನನ್ನ ಪುಣ್ಯ. ಅದಕ್ಕೂ ಮೊದಲು ನಾನು ಬೇರೊಂದು ಕಚೇರಿಗೆ ಬರೆದು ನಾಲ್ಕು ತಿಂಗಳು ಕಾದು, ಕೊನೆಗೆ ಅರ್ಜಿಯೇ ಕಾಣೆಯಾಗಿದೆ ಎಂಬ ಉತ್ತರ ಪಡೆದಿದ್ದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನಗಳ ಗಡುವು ಇರುತ್ತದೆ. ಸೈನಿಕನಿಗೂ ನಿಮಗೂ ಇರುವ ಸಂಬಂಧದ ದಾಖಲೆಯನ್ನು ಅರ್ಜಿಯ ಜೊತೆಗೆ ಇಡುವುದು ಒಳ್ಳೆಯದು. ದೊಡ್ಡ ಕಡತ ಬರುತ್ತದೆಂದು ಮಾತ್ರ ನಿರೀಕ್ಷಿಸಬಾರದು. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು 25 ವರ್ಷಗಳ ನಂತರ ನಾಶಪಡಿಸುವುದು ಸೈನ್ಯದ ನಿಯಮ. ಉಳಿಯುವುದು ‘ಲಾಂಗ್ ರೋಲ್’ ಎಂಬ ಪುಸ್ತಕದಲ್ಲಿನ ಒಂದು ಸಾಲು. ನನಗೂ ಬಂದದ್ದು ಒಂದೇ ಪುಟ. ಸೇರಿದ ದಿನ, ಬಿಡುಗಡೆಯ ದಿನ, ಬಿಡುಗಡೆಯ ಕಾರಣ, ತಂದೆಯ ಹೆಸರು, ಊರು ಅಷ್ಟೇ ಅದರಲ್ಲಿದ್ದವು.

ಆ ಪುಟದಲ್ಲಿದ್ದ ಊರು ಬೆಳ್ಮಣ್ಣಾಗಿರದೆ ಮೂಲ್ಕಿಯ ಪಕ್ಕದ ಒಂದು ಗ್ರಾಮವಾಗಿತ್ತು. ಮೊದಲಿಗೆ ಯಾರದೋ ದಾಖಲೆ ಬಂದಿದೆ ಎಂದುಕೊಂಡೆ. ಅಳಿಯಸಂತಾನದ, ಅಂದರೆ ವಂಶವನ್ನು ತಾಯಿಯ ಕಡೆಯಿಂದ ಎಣಿಸುವ, ಮನೆಗಳವರು ಇಲ್ಲಿ ಎಚ್ಚರ ವಹಿಸಬೇಕು. ನಾವು ಹಿರಿಯರನ್ನು ನೆನಪಿಟ್ಟುಕೊಂಡಿರುವುದು ತಾಯಿಯ ಬಳಿಯಿಂದ (ಗೋತ್ರದಿಂದ), ಮೂಲ ಮನೆಯ ಹೆಸರಿನಿಂದ. ಸೈನ್ಯದ ಗುಮಾಸ್ತ ಬರೆದುಕೊಂಡದ್ದು ಮಾತ್ರ ತಂದೆಯ ಹೆಸರನ್ನು, ಮತ್ತು ಹುಡುಗ ಆಗ ತಂದೆಯ ಮನೆಯಲ್ಲಿದ್ದರೆ ಆ ಊರನ್ನು. ತಾಯಿಯ ಹೆಸರಿಗೆ ಆ ಕಾಗದದಲ್ಲಿ ಜಾಗವೇ ಇಲ್ಲ. ನಮ್ಮ ಮನೆಯಲ್ಲಿ ಅಜ್ಜಂದಿರ ತಂದೆಯ ಊರು ಯಾವುದೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಅದನ್ನು ಬಿಡಿಸಿದ್ದು ಪಾಲುಪಟ್ಟಿ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ನಂತರ ಕುಟುಂಬಗಳು ಕವರು ಕವರಾಗಿ ಆಸ್ತಿ ಪಾಲು ಮಾಡಿಕೊಳ್ಳುವುದು ಸಾಧ್ಯವಾಯಿತು, ಮತ್ತು ಆ ಕಾಲದ ಪಾಲುಪಟ್ಟಿಗಳಲ್ಲಿ ಮನೆಯ ಗಂಡಸರು, ಹೆಂಗಸರು, ಮಕ್ಕಳೆಲ್ಲರನ್ನೂ ವಯಸ್ಸಿನ ಸಮೇತ ನಮೂದಿಸಿದ್ದಾರೆ. ಮನೆಯಲ್ಲಿ ಪ್ರತಿ ಇಲ್ಲದಿದ್ದರೆ ಆಸ್ತಿ ಇರುವ ಊರಿನ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಹೋಗುವಾಗ ಯಜಮಾನರ ಹೆಸರು, ಸುಮಾರು ಇಸವಿ, ಸರ್ವೆ ನಂಬರು ಕೈಯಲ್ಲಿರಲಿ. ನಮ್ಮ ಪಾಲುಪಟ್ಟಿಯಲ್ಲಿ ಹಿರಿಯ ಅಜ್ಜನ ಹೆಸರಿನ ಮುಂದೆ, ಮೂಲ್ಕಿ ಪಕ್ಕದ ಅದೇ ಗ್ರಾಮದಲ್ಲಿ ವಾಸ ಎಂದು ಬರೆದಿತ್ತು. ಕಿರಿಯವರ ಹೆಸರು ಇರಲಿಲ್ಲ. ಕ್ರೈಸ್ತ ಮನೆತನದವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಸಿಗುತ್ತವೆ.

ತೀರಿಕೊಂಡವರನ್ನು ಹುಡುಕಲು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣವಿದೆ. 1917ರಲ್ಲಿ ಹುಟ್ಟಿದ ಈ ಸಂಸ್ಥೆಯ ಪಟ್ಟಿಯಲ್ಲಿ ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಮಂದಿಯ ಹೆಸರುಗಳಿವೆ. ಬದುಕಿ ಬಂದವರು ಅದರಲ್ಲಿಲ್ಲ. ಅಲ್ಲಿ ‘ಉಡುಪಿ ಜಿಲ್ಲೆ’ ಎಂದು ಹುಡುಕಿದರೆ ಏನೂ ಸಿಗದು, ಏಕೆಂದರೆ ಆ ಜಿಲ್ಲೆ ಆದದ್ದು 1997ರಲ್ಲಿ. ಆಗ ನಮ್ಮದು ಮದ್ರಾಸ್ ಪ್ರಾಂತದ ‘ಸೌತ್ ಕೆನರಾ’. ಕಾಸರಗೋಡೂ ಅದರಲ್ಲಿಯೇ ಇತ್ತು. ಹೆಚ್ಚುವರಿ ಮಾಹಿತಿಯ ಅಂಕಣದಲ್ಲಿ ಆ ಹೆಸರು ಕೊಟ್ಟು, ಸೇವೆ ಭಾರತೀಯ ಸೈನ್ಯದಲ್ಲಿ ಎಂದು ಆರಿಸಿ, ಬಂದ ಹೆಸರುಗಳನ್ನು ಒಂದೊಂದಾಗಿ ಓದಬೇಕು. ಶೆಟ್ಟಿ, ಪೂಜಾರಿ ಎಂಬ ಹೆಸರುಗಳನ್ನೂ ಮೂಲ್ಕಿ, ಕುಂದಾಪುರ ಎಂಬ ಊರುಗಳನ್ನೂ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಬರೆದಿದ್ದಾರೆ. ಎರಡನೆಯ ಸಲ ಹೋದಾಗ ಮಣಿಪಾಲದ ವಸತಿಗೃಹದಲ್ಲಿ ಒಂದು ರಾತ್ರಿ ಕುಳಿತು, ತಂದೆಯ ಹೆಸರೂ ಮೂಲ್ಕಿ ಪಕ್ಕದ ಆ ಗ್ರಾಮವೂ ಎರಡೂ ಹೊಂದಿದ ನಮೂದೊಂದನ್ನು ಕಂಡೆ. ಬೆಳ್ಮಣ್ಣನ್ನೇ ಹುಡುಕುತ್ತಿದ್ದ ಎರಡು ವರ್ಷ ಅದು ಅಲ್ಲಿಯೇ ಇತ್ತು.

ಕಿರಿಯ ಅಜ್ಜ ಸಿಂಗಾಪುರದಲ್ಲಿ ತೀರಿಕೊಂಡಿರಲಿಲ್ಲ. ಅವರ ಹೆಸರಿರುವುದು ಯಾಂಗೂನಿನ ಉತ್ತರಕ್ಕೆ ತೌಕ್ಯಾನ್ ಎಂಬಲ್ಲಿರುವ ರಂಗೂನ್ ಸ್ಮಾರಕದಲ್ಲಿ; ಬರ್ಮಾದ ಕಾಳಗದಲ್ಲಿ ಮಡಿದು ಸಮಾಧಿಯ ಗುರುತಿಲ್ಲದ ಸುಮಾರು 27,000 ಮಂದಿಯ ಹೆಸರು ಅಲ್ಲಿದೆ. ನಮ್ಮ ಊರಿನವರಿಗೆ ಸಮುದ್ರ ದಾಟಿದ ಪೂರ್ವ ದೇಶವೆಲ್ಲ ಸಿಂಗಾಪುರವೇ ಆಗಿತ್ತೆಂದು ಕಾಣುತ್ತದೆ. ನಿಮ್ಮ ಮನೆಯ ಮಾತಿನಲ್ಲಿಯೂ ಸಿಂಗಾಪುರ ಬಂದರೆ ಅಲ್ಲಿನ ಕ್ರಾಂಜಿಯ ಸ್ಮಾರಕದ ಪಟ್ಟಿಯ ಜೊತೆಗೆ ಬರ್ಮಾದ ಪಟ್ಟಿಯನ್ನೂ ನೋಡಿ. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದಾಗ ಸೆರೆಯಾಗಿ ಮುಂದೆ ಆಜಾದ್ ಹಿಂದ್ ಫೌಜಿಗೆ ಸೇರಿದವರಾಗಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಕಡತಗಳು ಬೇಕಾಗುತ್ತವೆ, ಅವುಗಳಲ್ಲಿ ಕೆಲವನ್ನು ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಓದಬಹುದು. ಇಂಡಿಯಾ ಗೇಟಿನಲ್ಲಿ ಹುಡುಕಲು ಹೋಗಬೇಡಿ. 1931ರಲ್ಲಿ ಕಟ್ಟಿದ ಅದರ ಮೇಲಿರುವುದು ಅದಕ್ಕೂ ಹಿಂದಿನ ಯುದ್ಧಗಳ ಹೆಸರುಗಳು.

ಕೊನೆಯ ದಿನ ಮಂಗಳೂರಿಗೆ ಹೋಗಿ ಸೈನಿಕ ಕಲ್ಯಾಣ ಕಚೇರಿಯನ್ನೂ ಕದ್ರಿ ಗುಡ್ಡದ ಯುದ್ಧ ಸ್ಮಾರಕವನ್ನೂ ನೋಡಿದೆ. 1947ರ ನಂತರ ಸೇವೆ ಸಲ್ಲಿಸಿ ಪಿಂಚಣಿ ಪಡೆದವರನ್ನು ಹುಡುಕುವವರಿಗೆ ಸೈನಿಕ ಕಲ್ಯಾಣ ಕಚೇರಿ ಉಪಯುಕ್ತ. ನನ್ನಂಥವರು ಅಲ್ಲಿಗೆ ಮೀಸಲಿಡುವ ಅರ್ಧ ದಿನವನ್ನು ಕುಟುಂಬದ ಮನೆಯಲ್ಲಿಯೇ ಕಳೆಯಬಹುದು.

ಹೊರಡುವ ಮೊದಲು ಮತ್ತೊಮ್ಮೆ ಬೆಳ್ಮಣ್ಣಿಗೆ ಹೋಗಿ, ಸೈನ್ಯದಿಂದ ಬಂದ ಪುಟ, ಸ್ಮಾರಕದ ನಮೂದು, ಎರಡರ ನಕಲನ್ನೂ ದೊಡ್ಡಮ್ಮನ ಕೈಗೆ ಕೊಟ್ಟೆ. ಕಿರಿಯ ಅಜ್ಜನ ಹೆಸರು ಸ್ಮಾರಕದ ಎಷ್ಟನೆಯ ಫಲಕದಲ್ಲಿದೆ ಎಂಬುದನ್ನು, ಮುಂದೆ ಯಾರಾದರೂ ಯಾಂಗೂನಿಗೆ ಹೋದರೆ ಬೇಕಾಗುತ್ತದೆಂದು, ಮೇಲೆಯೇ ಬರೆದಿದ್ದೆ. ಅವರು ಓದಿಸಿಕೊಂಡು, ನನ್ನ ಪೆನ್ನು ಕೇಳಿ ಪಡೆದು, ತಂದೆಯ ಹೆಸರಿನ ಕೆಳಗೆ ಕನ್ನಡದಲ್ಲಿ ತಮ್ಮ ಅಜ್ಜಿಯ ಹೆಸರನ್ನು ಬರೆದು, ಡಬ್ಬಿಯೊಳಗೆ ಪದಕಗಳ ಅಡಿಯಲ್ಲಿ ಇಟ್ಟರು.