ಶ್ರಾವಣದ ಎರಡನೇ ಸೋಮವಾರ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಿದ್ದು ಪಂಚಮಿ ಮುಗಿದ ಬೆನ್ನಿಗೇ. ಮನೆಯಲ್ಲಿ ಉಂಡಿ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ ಅಂತ ಸುದ್ದಿ ಬಂದಾಗ, 2009ರ ಹೊಳೆ ಕಂಡಿದ್ದ ಮುದುಕರು ಮೊದಲು ಎದ್ದರು. ಪ್ರಾಯದವರು ಮೊಬೈಲ್ ನೋಡುತ್ತಾ ಕೂತಿದ್ದರು, ನಾನೂ ಅವರಲ್ಲೊಬ್ಬ.

ನಮ್ಮದು ಬಾದಾಮಿ ತಾಲೂಕು, ಪಟ್ಟದಕಲ್ಲಿಗೆ ಹತ್ತಿರದ ಊರು. ಅವ್ವ ಉಟ್ಟ ಸೀರೆಯಲ್ಲೇ ಹೊರಟಳು. ಒಂದು ಕೈಯಲ್ಲಿ ಎಮ್ಮೆಯ ಹಗ್ಗ, ಇನ್ನೊಂದರಲ್ಲಿ ರೇಷನ್ ಕಾರ್ಡು, ಪಾಸ್‌ಬುಕ್ಕು. ಲಿಂಗದ ಕರಡಿಗೆ ಹೇಗೂ ಕೊರಳಲ್ಲೇ ಇತ್ತು. ವಿಭೂತಿ ಗಟ್ಟಿ ಮಾತ್ರ ಜಗಲಿಯ ಮೇಲೇ ಉಳಿಯಿತು.

ಶಾಲೆಯಲ್ಲಿ ಗಂಜಿ ಕೇಂದ್ರ. ಕೋಣೆ ತುಂಬ ನೆನೆದ ಜೋಳದ ವಾಸನೆ. ನಮ್ಮ ಹಿತ್ತಿಲ ಗೋಡೆ ಕುಸಿದ ಸುದ್ದಿ ಅಲ್ಲೇ ಸಿಕ್ಕಿತು. ಮಣ್ಣಿನ ಗೋಡೆ, ಎಷ್ಟು ತಡೆದೀತು? ಯಾರೋ ಮೊಬೈಲಿನಲ್ಲಿ ಪಟ್ಟದಕಲ್ಲಿನ ಫೋಟೊ ತೋರಿಸಿದರು. ಗುಡಿಗಳ ಸುತ್ತ ಕೆಂಪು ನೀರು. ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದ, ಇಂದಿಗೂ ಪೂಜೆ ನಡೆಯುವ ವಿರೂಪಾಕ್ಷನ ಗುಡಿ ಇರುವುದು ಅಲ್ಲೇ. ನನಗೆ ತಲೆ ಕೆಟ್ಟುಹೋಯಿತು.

"ದಿನಾ ಪೂಜಿ ಮಾಡ್ತಿಯಲ್ಲ, ಎಲ್ಲಿ ಅದಾನ ನಿನ್ನ ದೇವರು?" ಅಂದೆ.

"ಅವನ ಮನಿಗೇ ನೀರ ಬಂದಾವ. ಅವನೂ ನಮ್ಮಂಗ ಎಲ್ಯರ ಕುಂತಿರಬೇಕು, ಸುಮ್ನಿರು," ಅಂದಳು ಅವ್ವ.

ಸಿಟ್ಟಿನಲ್ಲೂ ನಗು ಬಂತು. ಸಮಾಧಾನವೇನೂ ಆಗಲಿಲ್ಲ ಬಿಡಿ.

ಅವ್ವ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಕೂಡ ಹಾಕುವವಳಲ್ಲ. ವಿಭೂತಿ ಇಲ್ಲದೆ ಬರೀ ನೀರಿನಲ್ಲಿ ಪೂಜೆ ಮಾಡುತ್ತಿದ್ದಳು. ಗೋಡೆ ಬಿದ್ದದ್ದಕ್ಕಿಂತ ಜಾಸ್ತಿ ಅದಕ್ಕೇ ಗೊಣಗುತ್ತಿದ್ದಳು. "ಹಣಿ ಬರೇ ಅದ ನೋಡ್."

ಆಗಸ್ಟ್ 12, ಶ್ರಾವಣದ ಎರಡನೇ ಸೋಮವಾರ. ಅವತ್ತೇ ಬಕ್ರೀದ್. ನಮ್ಮ ಕೋಣೆಗೆ ಇದ್ದದ್ದೇ ಒಂದು ತಂಬಿಗೆ. ನಮ್ಮ ಓಣಿಯ ಮಾಮಾ ಅದರಲ್ಲಿ ಕೈಕಾಲು ತೊಳೆದು ವರಾಂಡದಲ್ಲಿ ನಮಾಜಿಗೆ ನಿಂತರು. ಅವ್ವ ಅದನ್ನೇ ಬೆಳಗಿ, ಟ್ಯಾಂಕರ್ ನೀರು ತುಂಬಿಕೊಂಡಳು. ಅಷ್ಟರಲ್ಲಿ ಟ್ರ್ಯಾಕ್ಟರ್ ಒಂದು ರೊಟ್ಟಿ ಗಂಟುಗಳನ್ನು ಹೊತ್ತು ಬಂತು. ಯಾವ ಊರಿನದೋ ಕೇಳುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ.

ನಮ್ಮ ಪಾಲಿಗೆ ಬಂದದ್ದು ಹಳೇ ಸೀರೆಯ ತುಂಡಿನ ಗಂಟು. ಒಳಗೆ ಕಡಕ್ ಜೋಳದ ರೊಟ್ಟಿ, ಕಾಗದದಲ್ಲಿ ಶೇಂಗಾ ಹಿಂಡಿ, ಒಂದು ಕಡ್ಡಿಪೆಟ್ಟಿಗೆ. ಎಲ್ಲಕ್ಕಿಂತ ಕೆಳಗೆ, ಬಟ್ಟೆಯ ಮೂಲೆಗೆ ಬೇರೆಯೇ ಗಂಟು ಹಾಕಿ ಕಟ್ಟಿದ್ದ ಒಂದು ವಿಭೂತಿ ಗಟ್ಟಿ. ಹಸಿದವರಿಗೆ ರೊಟ್ಟಿ ಕಟ್ಟಬೇಕು ಅಂತ ಯಾರಿಗಾದರೂ ಹೊಳೆಯುತ್ತದೆ. ಆದರೆ ಆ ರೊಟ್ಟಿ ಮುಟ್ಟುವ ಮೊದಲು ಒಬ್ಬ ಮುದುಕಿಗೆ ವಿಭೂತಿ ಬೇಕು ಅಂತ ಹೊಳೆದದ್ದು ಯಾರಿಗೆ? ಪವಾಡ ಅನ್ನಲಾರೆ. ಯಾವುದೋ ಅಡುಗೆಮನೆಯಲ್ಲಿ ಯಾವಳೋ ತಾಯಿ ಕಟ್ಟಿದ್ದು, ಅಷ್ಟೇ. ಆದರೂ ಎಲ್ಲಿದ್ದಾನೆ ಅಂತ ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ.

ಅವ್ವ ಗಟ್ಟಿಯನ್ನು ಮುರಿದು ಅರ್ಧ ಪಕ್ಕದ ಮುದುಕಿಗೆ ಕೊಟ್ಟಳು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಳು. ಪೂಜೆ ಮುಗಿಸಿ ಎರಡು ರೊಟ್ಟಿ ತಿಂದಳು. ಆಮೇಲೆ ನನ್ನ ಕಡೆ ತಿರುಗಿ, "ತಲಾಟಿ ಬಂದಾನಂತ. ಗ್ವಾಡಿ ಬಿದ್ದದ್ದು ಬರಸು ಹೋಗು ತಮ್ಮಾ, ಆಮ್ಯಾಲೆ ಕೇಳೂವಂತಿ ದೇವರನ್ನ," ಅಂದಳು.