ಹಳೇ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಸ್ಕ್ರೀನ್ ಕಪ್ಪಾದರೆ

ಆಫೀಸುಗಳಿಂದ ಹೊರಬಿದ್ದ ಸೆಕೆಂಡ್‌ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ 7010 ಟವರ್, ಒಳಗೆ ಇಂಟೆಲ್ಲಿನ ಐ5-3470 ಪ್ರೊಸೆಸರ್. ಇದಕ್ಕೆ ಎನ್‌ವಿಡಿಯಾದ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿ ಆನ್ ಮಾಡಿದರೆ ಫ್ಯಾನೆಲ್ಲ ತಿರುಗುತ್ತೆ, ಮಾನಿಟರ್ ಮಾತ್ರ "ನೋ ಸಿಗ್ನಲ್" ಅನ್ನುತ್ತೆ. ಇಂಥ ಹೊತ್ತಲ್ಲಿ ಕಾರ್ಡ್ ಕೆಟ್ಟಿರುವ ಸಾಧ್ಯತೆಯನ್ನು ಕೊನೆಗಿಡಿ. ಹಳೇ ಮಷಿನ್ನಿನಲ್ಲಿ ಅದಕ್ಕೂ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ.

ಮೊದಲು ಕೇಬಲ್. ಮದರ್‌ಬೋರ್ಡಿನ ಪೋರ್ಟಿನಲ್ಲೇ ಉಳಿದಿದ್ದರೆ ಕಿತ್ತು ಕಾರ್ಡಿಗೆ ಹಾಕಿ. ಮಾನಿಟರ್ ಬರೀ ವಿಜಿಎ ಆಗಿದ್ದರೆ ಇನ್ನೊಂದು ತೊಡಕು: ಎನ್‌ವಿಡಿಯಾದ 10 ಸರಣಿಯಿಂದೀಚೆಗೆ ಕಾರ್ಡಿನಿಂದ ಅನಲಾಗ್ ಸಿಗ್ನಲ್ ಬರುವುದೇ ಇಲ್ಲ. ಡಿವಿಐ ತುದಿಗೆ ಸಿಕ್ಕಿಸುವ ಅಗ್ಗದ ವಿಜಿಎ ಕನ್ವರ್ಟರ್ ಕೆಲಸಕ್ಕೆ ಬಾರದು. ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಅಡಾಪ್ಟರ್ ಬೇಕು.

ಆಮೇಲೆ ಪವರ್. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದೇ ಕೊಡುವುದು ಹೆಚ್ಚೆಂದರೆ 75 ವಾಟ್. ಜಿಟಿಎಕ್ಸ್ 1050 ಟಿಐ ಮತ್ತು 1650 ಎರಡೂ 75 ವಾಟಿನವೇ, ಆದರೆ ಕೆಲವು ಕಂಪನಿಗಳು ಕ್ಲಾಕ್ (ಚಿಪ್ಪಿನ ವೇಗ) ಏರಿಸಿ 6-ಪಿನ್ ಕನೆಕ್ಟರ್ ಇಟ್ಟಿರುತ್ತವೆ. ಅದಕ್ಕೆ ವೈರ್ ಕೊಡದಿದ್ದರೆ ಸ್ಕ್ರೀನ್ ಬರಲ್ಲ. 7010 ಟವರಿನ ಎಸ್‌ಎಂಪಿಎಸ್ (ಪಿಸಿಗೆಲ್ಲ ಪವರ್ ಕೊಡುವ ಡಬ್ಬ) 275 ವಾಟ್, ಅದರಲ್ಲಿ 6-ಪಿನ್ ವೈರೇ ಇಲ್ಲ. ಆಗ ಅಂಗಡಿಯವರು ಹಾರ್ಡ್‌ಡಿಸ್ಕಿಗೆ ಪವರ್ ಕೊಡುವ ಸಾಟಾದಿಂದ 6-ಪಿನ್ ಮಾಡುವ ಕೇಬಲ್ ಕೈಗಿಡುತ್ತಾರೆ. ಅದನ್ನು ಬೇಡ ಅನ್ನಿ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು ಮೂರು ಪಿನ್, ಒಂದೊಂದಕ್ಕೆ 1.5 ಆಂಪ್, ಲೆಕ್ಕ ಹಾಕಿದರೆ 54 ವಾಟ್. 6-ಪಿನ್ ಕೇಳಬಹುದಾದದ್ದು 75. ಗೇಮ್ ಶುರುವಾಗಿ ಅರ್ಧ ಗಂಟೆಗೆ ಪ್ಲಾಸ್ಟಿಕ್ ಕರಗುವುದು ಇಲ್ಲೇ. 6-ಪಿನ್ ಇಲ್ಲದ ಮಾಡೆಲ್ಲನ್ನೇ ಹುಡುಕಿ ಕೊಳ್ಳುವುದು ಎಷ್ಟೋ ವಾಸಿ.

ಅಸೆಂಬಲ್ ಮಾಡಿಸಿದ ಪಿಸಿಯಾದರೆ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ ಬರೆದ "450 ವಾಟ್" ನಂಬಬೇಡಿ. ಲೇಬಲ್ಲಿನಲ್ಲಿ 12 ವೋಲ್ಟಿನ ಸಾಲು ನೋಡಿ. 14 ಆಂಪ್ ಅಂತಿದ್ದರೆ ಸಿಪಿಯುಗೂ ಕಾರ್ಡಿಗೂ ಸೇರಿ ಸಿಗುವುದು 168 ವಾಟ್ ಮಾತ್ರ. ಡೆಸ್ಕ್‌ಟಾಪ್ ಬಂದು, ಗೇಮ್ ಲೋಡ್ ಆಗುವಾಗ ಪಿಸಿ ತಟ್ಟನೆ ಆಫ್ ಆದರೆ ಮೊದಲ ಅನುಮಾನ ಇದರ ಮೇಲಿರಲಿ. ಬದಲಿಸುವ ಯೋಚನೆ ಇದ್ದರೆ ಒಂದು ಮಾತು: 7010ದು ಮಾಮೂಲಿ 24-ಪಿನ್ ಮದರ್‌ಬೋರ್ಡ್ ಕನೆಕ್ಟರ್, ಆದರೆ ಅದರ ನಂತರದ 9020ಗೆ ಡೆಲ್ ತನ್ನದೇ 8-ಪಿನ್ ಇಟ್ಟಿದೆ, ಬೇರೆ ಎಸ್‌ಎಂಪಿಎಸ್ ಹಾಕಲು ಅಡಾಪ್ಟರ್ ಕೇಬಲ್ ಬೇಕು.

ಪವರ್ ಸರಿಯಿದ್ದರೂ ಕಪ್ಪು ಸ್ಕ್ರೀನೇ? ಗೋಡೆಯ ಪವರ್ ಕೇಬಲ್ ಕಿತ್ತು, ಆನ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು, ಕಾರ್ಡ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಮತ್ತೆ ಕೂರಿಸಿ. ಸ್ಲಾಟಿನ ತುದಿಯ ಲಾಚ್ ಟಕ್ ಅನ್ನಬೇಕು. ಆಗಲೂ ಬರದಿದ್ದರೆ ಕಾರ್ಡ್ ತೆಗೆದಿಟ್ಟು, ಆನ್‌ಬೋರ್ಡ್ ಡಿಸ್‌ಪ್ಲೇಯಲ್ಲೇ ಬೂಟ್ ಮಾಡಿ ಎರಡು ಕೆಲಸ ಮುಗಿಸಿ: ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ) ಅಪ್‌ಡೇಟ್, ಮತ್ತು ಬಯೋಸಿನಲ್ಲಿ ಮೊದಲ ಡಿಸ್‌ಪ್ಲೇ ಆಯ್ಕೆಯಿದ್ದರೆ ಅದನ್ನು ಆಟೋ ಅಥವಾ ಪಿಇಜಿ (ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್) ಮಾಡುವುದು. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದಂತೆ, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಸೆಟಿಂಗ್ ಅಳಿಸಿಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ ಅಂತ ಅರ್ಥ, ಬದಲಿಸಿ.

ಜಿಟಿಎಕ್ಸ್ 900, 1000 ಸರಣಿಯ ಕಾರ್ಡಿಗೆ ಡಿಸ್‌ಪ್ಲೇಪೋರ್ಟಿನಲ್ಲಿ ಮಾನಿಟರ್ ಹಾಕಿದ್ದು, ವಿಂಡೋಸ್ ಬರುವವರೆಗೂ ಏನೂ ಕಾಣದೆ ಆಮೇಲೆ ಸರಿಯಾಗುತ್ತದೆಯೇ? ಅದಕ್ಕೆಂದೇ ಎನ್‌ವಿಡಿಯಾ ಡಿಸ್‌ಪ್ಲೇಪೋರ್ಟ್ 1.3/1.4 ಫರ್ಮ್‌ವೇರ್ ಅಪ್‌ಡೇಟ್ ಟೂಲ್ ಕೊಟ್ಟಿದೆ. ಎಚ್‌ಡಿಎಂಐನಲ್ಲಿ ಬೂಟ್ ಮಾಡಿ ಅದನ್ನು ಓಡಿಸಿ.

ಡ್ರೈವರ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸೇಫ್ ಮೋಡಿನಲ್ಲಿ ಡಿಡಿಯು (ಡ್ರೈವರ್ ಅಳಿಸುವ ಟೂಲ್) ಓಡಿಸಿ ಹಳೆಯದನ್ನು ಗುಡಿಸಿ, ಇಂಟರ್ನೆಟ್ ತೆಗೆದಿಟ್ಟು ಹೊಸದು ಹಾಕಿ. ಆದರೂ ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 (ಕಾರ್ಡ್ ಕೆಲಸ ಮಾಡುತ್ತಿಲ್ಲ ಅನ್ನುವ ದೋಷ) ಬಂದರೆ, ಅದೂ ಸೆಕೆಂಡ್‌ಹ್ಯಾಂಡ್ ಕಾರ್ಡಿನಲ್ಲಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆಯಿರಿ. ಹಳೇ ಜಿಟಿಎಸ್ 450 ಥರದ ಕಾರ್ಡಿನ ಬಯೋಸ್ ತಿದ್ದಿ 1050 ಟಿಐ ಅಂತ ಮಾರುವವರಿದ್ದಾರೆ. ಅಂಥದ್ದು ಸಿಕ್ಕರೆ ಆ ತಂತ್ರಾಂಶ ಹೆಸರಿನ ಮುಂದೆ "ಫೇಕ್" ಅಂತಲೇ ತೋರಿಸುತ್ತದೆ. 1050 ಟಿಐ ಅನ್ನುವ ಕಾರ್ಡಿನಲ್ಲಿ ನೀಲಿ ವಿಜಿಎ ಪೋರ್ಟ್ ಕಂಡರೆ ದುಡ್ಡು ಕೊಡುವ ಮೊದಲೇ ಎದ್ದು ಬನ್ನಿ.

ಎಲ್ಲ ಸರಿಹೋದ ಮೇಲೂ ಆಟ ಎಳೆದಾಡುತ್ತಿದ್ದರೆ ಜಿಪಿಯು-ಝಡ್‌ನಲ್ಲೇ ಬಸ್ ಇಂಟರ್‌ಫೇಸ್ ಸಾಲು ನೋಡಿ. ಸುಮ್ಮನಿದ್ದಾಗ ಪಿಸಿಐ ಎಕ್ಸ್‌ಪ್ರೆಸ್ ಆವೃತ್ತಿ 1.1 ಅಂತ ತೋರಿಸುವುದು ಸಹಜ, ಪಕ್ಕದ ಪ್ರಶ್ನೆಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದಾಗ ಏರಬೇಕು. 16 ಲೇನ್ (ಡೇಟಾ ಸಾಗುವ ದಾರಿ) ಇರಬೇಕಾದ 1650 ನಾಲ್ಕೇ ಲೇನ್ ತೋರಿಸಿದರೆ ಕಾರ್ಡನ್ನು ತಪ್ಪು ಸ್ಲಾಟಿಗೆ ಹಾಕಿದ್ದೀರಿ, ಇಲ್ಲವೇ ಅದು ಸರಿಯಾಗಿ ಕೂತಿಲ್ಲ. ಎಎಂಡಿಯ ಆರ್‌ಎಕ್ಸ್ 6400 ಕಾರ್ಡಿಗೆ ಮಾತ್ರ ಹುಟ್ಟಾ ನಾಲ್ಕೇ ಲೇನ್. ಪಿಸಿಐ ಎಕ್ಸ್‌ಪ್ರೆಸ್ 2.0 ಮಾತ್ರ ಇರುವ, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡಿನಲ್ಲಿ ಅದಕ್ಕೆ ಸಿಗುವುದು ಸೆಕೆಂಡಿಗೆ ಸುಮಾರು 2 ಜಿಬಿ ಅಷ್ಟೇ. ಅಂಥ ಬೋರ್ಡಿಗೆ ಅದನ್ನು ಕೊಳ್ಳಬೇಡಿ.