ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ

ಬಳ್ಳಾರಿ, 12 ನವೆಂಬರ್ 2025, ಬುಧವಾರ

ಇವತ್ತಿಗೆ ಚರ್ಖಿ ದಾದ್ರಿ ವಿಮಾನ ದುರಂತ ನಡೆದು 29 ವರ್ಷ. ನಾನು ಹುಟ್ಟುವ ಮೊದಲಿನ ಮಾತು. ಆದರೂ ಹಾರಾಟ ಕಲಿಯಲು ಶುರು ಮಾಡಿದ ಮೇಲೆ ಈ ತಾರೀಖು ಬಂದಾಗಲೆಲ್ಲ ನೆನಪಾಗುತ್ತದೆ. 1996ರ ಆ ಸಂಜೆ ದೆಹಲಿಯಿಂದ ಸೌದಿಯಾದ ಬೋಯಿಂಗ್ 747 ಮೇಲೇರುತ್ತಿತ್ತು. ಕಜಕಸ್ತಾನದ ಐಎಲ್-76 ದೆಹಲಿಗೆ ಇಳಿಯಲು ಬರುತ್ತಿತ್ತು. ಮೇಲೇರುವವರಿಗೆ 14,000 ಅಡಿ, ಇಳಿಯುವವರಿಗೆ 15,000 ಅಡಿ ಎಂದು ಟವರ್‌ನವರು, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳು, ಹೇಳಿದ್ದರು. ನಡುವೆ ಸಾವಿರ ಅಡಿ ಅಂತರ ಇರಬೇಕಿತ್ತು. ಕಜಕ್ ವಿಮಾನ ಹೇಳಿದ ಎತ್ತರದಲ್ಲಿ ನಿಲ್ಲದೆ ಇನ್ನೂ ಕೆಳಗೆ ಬಂತು. ಹರಿಯಾಣದ ಹೊಲಗಳ ಮೇಲೆ ಎರಡೂ ಡಿಕ್ಕಿ ಹೊಡೆದವು. 349 ಜನ ಸತ್ತರು. ಒಬ್ಬರೂ ಬದುಕಲಿಲ್ಲ.

ಆ ಕಜಕ್ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ದೆಹಲಿಯ ಜೊತೆ ಮಾತಾಡುತ್ತಿದ್ದವರು ವಿಮಾನ ಓಡಿಸುತ್ತಿದ್ದವರಲ್ಲ, ರೇಡಿಯೋ ಆಪರೇಟರ್. ಕಾರಣ ಅದೊಂದೇ ಅಲ್ಲ. ಆಗ ದೆಹಲಿಯ ರೇಡಾರ್‌ನಲ್ಲಿ ವಿಮಾನದ ಎತ್ತರ ಕಾಣುತ್ತಿರಲಿಲ್ಲ. ಬರುವವರಿಗೂ ಹೋಗುವವರಿಗೂ ಒಂದೇ ದಾರಿ ಇತ್ತು. ಆದರೆ ಮಾತು ಸರಿಯಾಗಿ ದಾಟಿದ್ದರೆ ಸಾಕಿತ್ತು ಅಲ್ವಾ ಎಂದು ಪ್ರತಿ ಸಲ ಅನಿಸುತ್ತದೆ.

ನನ್ನ ಇಂಗ್ಲಿಷ್ ಪರೀಕ್ಷೆ ಮುಂದಿನ ವಾರ. ರಜೆ ಹಾಕಿ ಊರಿಗೆ ಬಂದಿದ್ದೇನೆ. ಇಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಪೈಲಟ್ ಆಗೋರಿಗೆ ಮತ್ತೇನು ಇಂಗ್ಲಿಷ್ ಪರೀಕ್ಷೆ?" ನಿನ್ನೆ ಗಂಗಾವತಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಅಪ್ಪನ ಪರಿಚಯದವರ ಮಗ, ಪಿಯುಸಿ ಓದುತ್ತಿದ್ದಾನೆ. "ಅಕ್ಕಾ, ನಂದು ಕನ್ನಡ ಮೀಡಿಯಂ. ಇಂಗ್ಲಿಷ್ ಮಾತಾಡಾಕ ಬರಂಗಿಲ್ಲ. ಪೈಲಟ್ ಆಗಾಕ ಆಗತೈತೇನ್ರಿ?" ಅಂದ. ನಾನೂ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಅವನಿಗೆ ಒಂದೇ ಮಾತಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಅದಕ್ಕೇ ಇವತ್ತು ಉದ್ದ ಬರೆಯುತ್ತಿದ್ದೇನೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ, 2003ರಲ್ಲಿ ಒಂದು ನಿಯಮ ತಂದಿತು. ಅದು ಜಾರಿಗೆ ಬಂದಿದ್ದು 2008ರಲ್ಲಿ. ಬೇರೆ ದೇಶಗಳಿಗೆ ಹಾರುವ ಪೈಲಟ್‌ಗಳಿಗೂ ಅವರ ಜೊತೆ ಮಾತಾಡುವ ಕಂಟ್ರೋಲರ್‌ಗಳಿಗೂ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಬರಬೇಕು ಎಂಬುದು ಅದರ ಸಾರ. ಒಟ್ಟು 6 ಮಟ್ಟಗಳು. ಕನಿಷ್ಠ 4ನೇ ಮಟ್ಟ ಬೇಕು. ಉಚ್ಚಾರಣೆ, ವಾಕ್ಯದ ಕಟ್ಟು, ಪದಸಂಪತ್ತು, ಸರಾಗ, ಅರ್ಥ ಮಾಡಿಕೊಳ್ಳುವುದು, ಎದುರಿನವರ ಜೊತೆ ಸಂಭಾಷಣೆ, ಹೀಗೆ ಆರು ವಿಷಯ ನೋಡುತ್ತಾರೆ. ಆರರಲ್ಲಿ ಯಾವುದರಲ್ಲಿ ಕಮ್ಮಿ ಬಂತೋ ಅದೇ ನಿಮ್ಮ ಮಟ್ಟ. ಐದರಲ್ಲಿ 5 ಬಂದು ಒಂದರಲ್ಲಿ 3 ಬಂದರೆ ನೀವು 3.

ಹುಡುಗನಿಗೆ ಮೊದಲು ಹೇಳಬೇಕಾದ್ದು ಉಚ್ಚಾರಣೆಯ ವಿಷಯ. ಎಲ್ಲರಿಗೂ ಅದರದ್ದೇ ಭಯ ಜಾಸ್ತಿ. ನಮ್ಮ ನಾಲಿಗೆಗೆ ಕೆಲವು ಅಭ್ಯಾಸಗಳಿವೆ. ಪದದ ಕೊನೆಗೆ ಒಂದು 'ಉ' ಸೇರಿಸುತ್ತೇವೆ: ಲೆಫ್ಟು, ರೈಟು, ಇಂಜಿನ್ನು. 'ಎ'ಯಿಂದ ಶುರುವಾದರೆ ಮುಂದೊಂದು 'ಯ' ಬರುತ್ತದೆ: ಯೆಮರ್ಜೆನ್ಸಿ. 4ನೇ ಮಟ್ಟದ ವಿವರಣೆಯಲ್ಲೇ ಮಾತೃಭಾಷೆಯ ಪ್ರಭಾವ ಇರಬಹುದು ಎಂದಿದೆ. ಕೇಳುವವರಿಗೆ ಪದೇ ಪದೇ ತೊಡಕಾಗದಿದ್ದರೆ ಸಾಕು. ಬಳ್ಳಾರಿಯವರು ಬಳ್ಳಾರಿಯವರ ಹಾಗೇ ಮಾತಾಡಬಹುದು, ಸ್ಪಷ್ಟವಾಗಿರಬೇಕು ಅಷ್ಟೇ. ರೇಡಿಯೋದಲ್ಲಿ ಅಂಕಿಗಳನ್ನು ಹೇಳುವ ರೀತಿಯನ್ನೂ ಎಲ್ಲ ದೇಶದವರ ನಾಲಿಗೆಗೆ ಹೊಂದುವಂತೆ ಮಾಡಿದ್ದಾರೆ. 3 ಎಂದರೆ 'ಟ್ರೀ', 5 ಎಂದರೆ 'ಫೈಫ್', 9 ಎಂದರೆ 'ನೈನರ್'. ದಿಕ್ಕು ಹೇಳುವಾಗ 150 ಎಂದರೆ 'ವನ್ ಫೈಫ್ ಜೀರೋ', ಒಂದೊಂದೇ ಅಂಕಿ. ಗರಗರ ಸದ್ದಿನ ನಡುವೆ ಫಿಫ್ಟೀನ್, ಫಿಫ್ಟಿ ಒಂದೇ ಥರ ಕೇಳಬಾರದಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದವರೂ ಇದನ್ನು ನಮ್ಮ ಹಾಗೇ ಕೂತು ಕಲಿಯಬೇಕು.

ಇಂಥ ಸಿದ್ಧ ಮಾತುಗಳನ್ನು ಬಾಯಿಪಾಠ ಮಾಡಬಹುದು. ನಮಗೆ ಬಾಯಿಪಾಠ ಕಷ್ಟವಲ್ಲ. ಕಷ್ಟ ಬೇರೆ ಕಡೆ ಇದೆ. ಅದನ್ನು ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲೂ ಹೇಳಿಕೊಡುವುದನ್ನು ನಾನು ನೋಡಿಲ್ಲ.

ಶಾಲೆಯಲ್ಲಿ ಮೇಷ್ಟ್ರು "ಅರ್ಥ ಆಯ್ತಾ?" ಎಂದು ಕೇಳಿದರೆ ಇಡೀ ಕ್ಲಾಸು "ಹೂಂ ಸಾರ್" ಅನ್ನುತ್ತಿತ್ತು. ಎರಡನೇ ಸಲ ಕೇಳಿದವರಿಗೆ ಬೈಗುಳ. ದೊಡ್ಡವರ ಮಾತಿಗೆ ತಲೆಯಾಡಿಸುವುದೇ ಮರ್ಯಾದೆ ಎಂದು ಬೆಳೆದವರು ನಾವು. ಹೆಡ್‌ಸೆಟ್‌ನಲ್ಲಿ ಗಟ್ಟಿ ದನಿಯೊಂದು ಸರಸರ ಇಂಗ್ಲಿಷ್‌ನಲ್ಲಿ ಏನೋ ಹೇಳಿತು. ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಆಗ ನಾಲಿಗೆಯ ತುದಿಗೆ ತಾನಾಗೇ ಬರುವುದು 'ರಾಜರ್ ಸರ್', ಅಂದರೆ ನೀವು ಹೇಳಿದ್ದು ಪೂರ್ತಿ ಕೇಳಿಸಿತು ಸಾರ್ ಎಂದು. ಇದರಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಅಲ್ಲಿ ಬರಬೇಕಾದ್ದು 'ಸೇ ಅಗೇನ್', ಇನ್ನೊಮ್ಮೆ ಹೇಳಿ ಎಂದು. ಹೇಳಿದ್ದನ್ನು ಮಾಡಲು ಆಗದಿದ್ದರೆ 'ಅನೇಬಲ್'. ಎರಡೂ ಪುಟ್ಟ ಮಾತುಗಳೇ. ಅವನ್ನು ಹೇಳಲು ಇಂಗ್ಲಿಷ್‌ಗಿಂತ ಧೈರ್ಯ ಜಾಸ್ತಿ ಬೇಕು.

ಏವಿಯಾಂಕಾ 52ರ ಕಥೆ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1990ರ ಜನವರಿ 25. ಕೊಲಂಬಿಯಾದ ಬೋಯಿಂಗ್ 707 ನ್ಯೂಯಾರ್ಕಿಗೆ ಬರುತ್ತಿತ್ತು. ಹವಾಮಾನ ಕೆಟ್ಟಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತು ಹೊಡೆಸಿದರು. ಕೊನೆಗೆ ಇಳಿಯಲು ಹೋದರೆ ರನ್‌ವೇ ಸಿಗಲಿಲ್ಲ, ಮತ್ತೆ ಮೇಲೇರಬೇಕಾಯಿತು. ಟ್ಯಾಂಕಿನಲ್ಲಿ ಇಂಧನ ತಳ ಕಂಡಿತ್ತು. ಎಮರ್ಜೆನ್ಸಿ ಎಂದು ಹೇಳು ಎಂದು ಕ್ಯಾಪ್ಟನ್ ತಮ್ಮ ಭಾಷೆಯಲ್ಲಿ ಕೋಪೈಲಟ್‌ಗೆ ಹೇಳಿದರು. ಕೋಪೈಲಟ್ ರೇಡಿಯೋದಲ್ಲಿ ಹೇಳಿದ್ದು ಇಂಧನ ಮುಗಿಯುತ್ತಾ ಬಂದಿದೆ ಎಂದಷ್ಟೇ. ಎಮರ್ಜೆನ್ಸಿ ಅನ್ನಲಿಲ್ಲ, ಪ್ರಾಣಾಪಾಯದಲ್ಲಿ ಕೂಗುವ 'ಮೇಡೇ' ಅನ್ನಲಿಲ್ಲ. ನಿಮ್ಮನ್ನು ಸುಮಾರು 15 ಮೈಲಿ ದೂರ ಕರೆದುಕೊಂಡು ಹೋಗಿ ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಪರವಾಗಿಲ್ಲವಾ ಎಂದು ಕಂಟ್ರೋಲರ್ ಕೇಳಿದರು. ಬಂದ ಉತ್ತರ: 'ಐ ಗೆಸ್ ಸೋ, ಥ್ಯಾಂಕ್ ಯು ವೆರಿ ಮಚ್.'

ಸ್ವಲ್ಪ ಹೊತ್ತಿಗೆ ಇಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನ ಲಾಂಗ್ ಐಲ್ಯಾಂಡಿನ ಗುಡ್ಡದ ಮೇಲೆ ಬಿತ್ತು. 73 ಜನ ಸತ್ತರು.

ಆ ಕೋಪೈಲಟ್‌ಗೆ ಇಂಗ್ಲಿಷ್ ಬರುತ್ತಿತ್ತು. ಎಷ್ಟು ವಿನಯದ ಇಂಗ್ಲಿಷ್ ನೋಡಿ. ಸಾವು ಎದುರಿಗಿದ್ದಾಗಲೂ ಥ್ಯಾಂಕ್ಸ್ ಹೇಳಿದ ಆ ಮನುಷ್ಯನ ಬಗ್ಗೆ ನನಗೆ ಸಿಟ್ಟು ಬರುವುದಿಲ್ಲ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ದನಿ ನಮ್ಮೂರಿನ ಯಾವ ಹುಡುಗ, ಹುಡುಗಿಯದ್ದಾದರೂ ಆಗಬಹುದಿತ್ತು. 1977ರ ಟೆನೆರಿಫ್ ದುರಂತದಲ್ಲೂ ಹೀಗೇ. ಸ್ಪೇನಿನ ಆ ದ್ವೀಪದಲ್ಲಿ ಕೆಎಲ್ಎಂ ಕಂಪನಿಯ ವಿಮಾನ ಮೇಲೇರಲು ಓಡುತ್ತಿತ್ತು, ಅದೇ ರನ್‌ವೇಯಲ್ಲಿ ಪ್ಯಾನ್ ಆ್ಯಮ್ ಕಂಪನಿಯದ್ದೂ ಇತ್ತು. ಆ ಪ್ಯಾನ್ ಆ್ಯಮ್ ವಿಮಾನ ರನ್‌ವೇಯಿಂದ ಇನ್ನೂ ಹೊರಗೆ ಹೋಗಿಲ್ಲವಾ ಎಂದು ಕೆಎಲ್ಎಂನ ಫ್ಲೈಟ್ ಇಂಜಿನಿಯರ್ ಕೇಳಿದ್ದರು. ಹೋಗಿದೆ ಎಂದು ಹಿರಿಯ ಕ್ಯಾಪ್ಟನ್ ಒತ್ತಿ ಹೇಳಿದರು. ಇಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ಡಿಕ್ಕಿ ಹೊಡೆದು 583 ಜನ ಸತ್ತರು.

ಅದಕ್ಕೇ ಆ ಆರು ವಿಷಯಗಳಲ್ಲಿ ಕೊನೆಯದು, ಸಂಭಾಷಣೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ತಪ್ಪು ತಿಳುವಳಿಕೆ ಆಗಿರಬಹುದು ಅನಿಸಿದಾಗ ಕೇಳಿ, ಖಚಿತ ಮಾಡಿಕೊಂಡು, ಬಿಡಿಸಿಕೊಳ್ಳಬೇಕು ಎಂದು 4ನೇ ಮಟ್ಟದಲ್ಲೇ ಬರೆದಿದ್ದಾರೆ. ಅಂದರೆ ಇನ್ನೊಮ್ಮೆ ಕೇಳಿದರೆ ಅಂಕ ಹೋಗುವುದಿಲ್ಲ, ಅದು ಪರೀಕ್ಷೆಯ ಭಾಗವೇ. ಇಂಥ ಪರೀಕ್ಷೆ ನಮ್ಮ ಶಾಲೆಗಳಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅಪ್ಪನಿಗೆ ಇದು ಸಹಜವಾಗಿ ಬಂದಿದೆ. ನಮ್ಮದು ಜೀನ್ಸ್ ಹೊಲಿಯುವ ಚಿಕ್ಕ ಯೂನಿಟ್. ಮಷೀನ್‌ಗಳ ಸದ್ದಿನಲ್ಲಿ ಫೋನ್ ಬಂದರೆ ಅಪ್ಪ ಸೈಜು, ಪೀಸು, ಬಣ್ಣ ಎಲ್ಲವನ್ನೂ ತಾನೊಮ್ಮೆ ತಿರುಗಿ ಹೇಳುತ್ತಾರೆ. ಆ ಕಡೆಯವರು ಹೌದು ಅನ್ನುವವರೆಗೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ನಾವು ಆಕಾಶದಲ್ಲಿ ಮಾಡುವ ರೀಡ್‌ಬ್ಯಾಕ್ ಇದೇ. ರನ್‌ವೇ ನಂಬರು, ಎತ್ತರ, ದಿಕ್ಕು, ಕೊಟ್ಟ ಅನುಮತಿ, ಎಲ್ಲವನ್ನೂ ತಿರುಗಿ ಒಪ್ಪಿಸಬೇಕು. ತಪ್ಪಿದ್ದರೆ ಕಂಟ್ರೋಲರ್ ಅಲ್ಲೇ ಹಿಡಿಯುತ್ತಾರೆ. ಸುಮ್ನೆ 'ರಾಜರ್' ಅಂದರೆ ಹಿಡಿಯಲು ಅವರಿಗೆ ಏನೂ ಸಿಗುವುದಿಲ್ಲ.

ಈ ವಾರ ತಂಗಿಯೇ ನನ್ನ ಟವರ್. ಸಂಜೆ ಯೂನಿಟ್‌ನಲ್ಲಿ, ಮಷೀನ್‌ಗಳು ಓಡುತ್ತಿರುವಾಗಲೇ ಕೂರುತ್ತೇವೆ. ಸದ್ದು ಇದ್ದಷ್ಟೂ ಒಳ್ಳೆಯದು. ಅವಳಿಗೆ ವಿಮಾನದ ಗಂಧವಿಲ್ಲ, ಆದರೆ ಕಷ್ಟ ಕೊಡುವುದು ಚೆನ್ನಾಗಿ ಗೊತ್ತು. ಬೇಕೆಂದೇ ಅವಸರವಾಗಿ ಓದುತ್ತಾಳೆ, ಅಂಕಿ ನುಂಗುತ್ತಾಳೆ, ನಡುವೆ ಬೇರೆ ವಿಮಾನದ ಹೆಸರು ಕರೆಯುತ್ತಾಳೆ. ಇವತ್ತು ಸಿದ್ಧ ಮಾತು ಯಾವುದೂ ಸಾಲದಂಥ ಸಂದರ್ಭಗಳನ್ನು ತಂದಿದ್ದಳು. ಪ್ರಯಾಣಿಕರೊಬ್ಬರಿಗೆ ಎದೆನೋವು. ಹಿಂದಿನ ಸೀಟಿನ ಹತ್ತಿರ ವೈರ್ ಸುಟ್ಟ ವಾಸನೆ. ರನ್‌ವೇ ಮೇಲೆ ನಾಯಿಗಳ ಹಿಂಡು. ಇಲ್ಲಿ ಸರಳ ಇಂಗ್ಲಿಷ್ ಬೇಕು, ಚಿಕ್ಕ ವಾಕ್ಯ ಬೇಕು: ಏನಾಗಿದೆ, ಎಲ್ಲಿದ್ದೇವೆ, ನಮಗೆ ಏನು ಬೇಕು. ಸುಟ್ಟ ವಾಸನೆಯ ಸಂದರ್ಭದಲ್ಲಿ 'ಮೇಡೇ' ಮೂರು ಸಲ ಜೋರಾಗಿ ಹೇಳಿದಾಗ ಹೊಲಿಯುತ್ತಿದ್ದ ಅಕ್ಕಂದಿರು ಮಷೀನ್ ನಿಲ್ಲಿಸಿ ತಿರುಗಿ ನೋಡಿದರು. ನನಗೆ ಖುಷಿಯಾಯಿತು. ಆ ಮಾತು ಹಾಗೇ ಕೇಳಬೇಕು.

ರಾತ್ರಿ ಗಂಗಾವತಿಯ ಹುಡುಗನಿಗೆ ಫೋನ್ ಮಾಡಿದೆ. ಆಗುತ್ತೆ ಕಣೋ, ಫಿಸಿಕ್ಸ್, ಮ್ಯಾಥ್ಸ್ ಮಾತ್ರ ಬಿಡಬೇಡ ಎಂದೆ. ದಿನಾ ಹತ್ತು ನಿಮಿಷ ಇಂಗ್ಲಿಷ್ ಸುದ್ದಿ ಕೇಳಿ, ಕೇಳಿದ್ದನ್ನು ಜೋರಾಗಿ ತಿರುಗಿ ಹೇಳು ಎಂದೆ. ನಾಳೆ ಕಾಲೇಜಿನಲ್ಲಿ ಯಾವುದಾದರೂ ಒಂದು ಅರ್ಥವಾಗದಿದ್ದರೆ ಎದ್ದು ನಿಂತು ಇನ್ನೊಮ್ಮೆ ಕೇಳು ಎಂದೂ ಹೇಳಿದೆ. "ಸರ್ ಬೈತಾರಕ್ಕಾ" ಅಂದ. ಬೈಯ್ಯಲಿ, ಆದರೂ ಕೇಳು ಎಂದೆ. ಭಾನುವಾರ ಬಳ್ಳಾರಿಗೆ ಬರುತ್ತಾನಂತೆ. ನನ್ನ ರೇಡಿಯೋ ಪುಸ್ತಕಗಳನ್ನು ತೆಗೆದಿಟ್ಟಿದ್ದೇನೆ.